ಹಾಸನದಿಂದ ಹಾಸನಕ್ಕೆ

ಆಷಾಢ. ಮದುವೆಗಳಿಲ್ಲ, ಅಂಗಡಿಗೆ ಕೆಲಸವಿಲ್ಲ.
ಗಿರಾಕಿಯೊಬ್ಬರ ಬಿಲ್ಲಿನ ಹಿಂದೆ
ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ:
ಹಾಸನ, ಬೇಲೂರು, ಚಿಕ್ಕಮಗಳೂರು, ಕಡೂರು,
ಅರಸೀಕೆರೆ, ಮತ್ತೆ ಹಾಸನ.
ಮೂರು ಹಗಲು, ಎರಡು ರಾತ್ರಿ,
ಒಂದು ಚೀಲ, ಅದೂ ತೊಡೆಯ ಮೇಲೆ ಕೂರುವಷ್ಟು.

ಎದುರಿಗೆ ಪೀಕೋ ಮೆಷಿನ್ನು ನಿಲ್ಲಿಸಿ
ಮೆಹರುನ್ನಿಸಾ ಕೇಳುತ್ತಾಳೆ, "ಯಾರಿಗೆ ಹುಷಾರಿಲ್ಲ?"
ತಪ್ಪಲ್ಲ ಅವಳದು.
ಇಪ್ಪತ್ತಾರು ವರ್ಷದಲ್ಲಿ ನಾನು ಬಸ್ಸು ಹತ್ತಿದ್ದು
ಬಾಣಂತನಕ್ಕೆ, ತಿಥಿಗೆ, ಹೆಣ್ಣು ನೋಡುವುದಕ್ಕೆ,
ಒಮ್ಮೆ ಮಂಗಳೂರಿಗೆ, ಅತ್ತೆಯ ಕಣ್ಣಿನ ಆಪರೇಶನ್ನಿಗೆ.
ಕಿಟಕಿ ಸಿಕ್ಕರೂ ಹೊರಗೆ ನೋಡಿದ ನೆನಪಿಲ್ಲ,
ಮಡಿಲಲ್ಲಿ ಮಗುವೋ ಫ್ಲಾಸ್ಕೋ ಇರುತ್ತಿತ್ತು.

"ಯಾರಿಗೂ ಏನೂ ಆಗಿಲ್ಲ" ಅಂದೆ.
"ಹಂಗಾದ್ರೆ ನಾನೂ ಬರ್ತೀನಿ" ಅಂದಳು.

ನಿನ್ನೆ ಊಟದ ಬಿಡುವಿನಲ್ಲಿ ಬಸ್‌ಸ್ಟ್ಯಾಂಡಿಗೆ ಹೋದೆವು.
ವಿಚಾರಣೆ ಕಿಂಡಿಯವನು ಟೀ ಆರಿಸುತ್ತ
"ಎಲ್ಲಿಗಮ್ಮ?" ಎಂದ.
"ಹಾಸನಕ್ಕೆ."
"ಇದೇ ಹಾಸನ."
"ಗೊತ್ತು ಸ್ವಾಮಿ, ಇಲ್ಲಿಗೇ. ಬೇಲೂರು, ಕಡೂರಿನ ಮೇಲೆ."
ನಮ್ಮಿಬ್ಬರನ್ನು ಒಂದು ಸಲ,
ಗೋಡೆಯ ಬೋರ್ಡನ್ನು ಒಂದು ಸಲ ನೋಡಿದ.
ಹಾಸನ ಬಿಟ್ಟು ಎಲ್ಲ ಊರೂ ಇತ್ತು ಅದರಲ್ಲಿ.
"ಬೇಲೂರು ಬಸ್ಸು ಅಗೋ ನಿಂತಿದೆ. ಮುಂದಿಂದು ಅಲ್ಲಿ ಕೇಳಿ."

ಮುಂದಿಂದು ಅಲ್ಲಿ ಕೇಳಿ.
ಅದನ್ನೂ ಬರೆದುಕೊಂಡೆ.

ಹೊಲಿಯುವವರಿಗೆ ಒಂದು ಬುದ್ಧಿ ಇರುತ್ತದೆ:
ಅಳತೆಗೆ ಸರಿಯಾಗಿ ಕತ್ತರಿಸಿದರೆ ಕೆಟ್ಟೆ.
ಒಳಗೆ ಒಂದಿಂಚು ಬಿಡಬೇಕು,
ನಾಳೆ ಮೈ ಬಂದರೆ ಬಿಚ್ಚಿ ಹೊಲಿಯಲು.
ಬೇಲೂರಿಗೆ ಒಂದು ಗಂಟೆ ಎಂದವರಿಗೆ ಹ್ಞೂಂ ಅಂದು
ಒಂದೂವರೆ ಬರೆದೆ.
ಕಡೂರಿನಲ್ಲಿ ಇಳಿದು ಸ್ಟೇಷನ್ನಿಗೆ ನಡೆಯಲು
ನನ್ನ ಕಾಲಿಗೆ ಹದಿನೈದು ನಿಮಿಷ, ಇವಳ ಮಂಡಿಗೆ ಅರ್ಧ ಗಂಟೆ,
ದಾರಿಯಲ್ಲಿ ಸೀರೆ ಅಂಗಡಿ ಕಂಡರೆ ದೇವರೇ ಗತಿ.
ಎಲ್ಲಿ ಶೌಚಾಲಯ ಚೊಕ್ಕಟ, ಎಲ್ಲಿ ಮೂಗು ಮುಚ್ಚಬೇಕು,
ಹೂವಿನ ಸಣ್ಣತಾಯಮ್ಮನಿಗೆ ಬಾಯಿಪಾಠ.
ಎರಡು ಊರಿಗೆ ಚುಕ್ಕೆ ಬಿತ್ತು.
ಯಾವುವೆಂದು ಹೇಳಿ ಜಗಳ ಯಾಕೆ.

ನೆಂಟರ ಮನೆ ಬೇಡ, ಅಲ್ಲಿ ಮುಸುರೆ ಕಾದಿರುತ್ತದೆ.
ಚಿಕ್ಕಮಗಳೂರಿನ ಲಾಡ್ಜಿಗೆ ಫೋನು ಮಾಡಿದೆ.
"ಜೊತೆಗೆ ಯಾರಿದ್ದಾರೆ?"
ನನ್ನ ಜೊತೆ ಇವಳು. "ಅವರ ಜೊತೆ?"
ಅವಳ ಜೊತೆ ನಾನು.
ಆ ಕಡೆ ಬಹಳ ಹೊತ್ತು ಫ್ಯಾನು ತಿರುಗುವ ಸದ್ದು.

ಕೆಂಪು ಬಸ್ಸಿಗೆ ಆಧಾರ್ ತೋರಿಸಿದರೆ ಸೊನ್ನೆ.
"ಪುಕ್ಕಟೆ ಬಸ್ಸಿರುವಾಗ ದುಡ್ಡು ಕೊಟ್ಟು ರೈಲ್ಯಾಕೆ?"
ನಮ್ಮವರ ತಕರಾರು ಅಷ್ಟೇ, ಪುಣ್ಯ.
ಮೆಹರುನ್ನಿಸಾ ರೈಲು ಹತ್ತಿಲ್ಲವೆಂದು ನಾನು ಹೇಳಲಿಲ್ಲ.
ಐವತ್ತೊಂದು ವರ್ಷ
ಗೇಟಿನಾಚೆ ನಿಂತು ಡಬ್ಬಿ ಎಣಿಸಿದ್ದಾಳೆ.
ಅದು ಅವಳ ಗುಟ್ಟು. ನನ್ನ ಚೀಟಿಯಲ್ಲಿ
"ಕಡೂರು–ಅರಸೀಕೆರೆ, ಕಿಟಕಿ ಅವಳಿಗೆ" ಅಂತಿದೆ.

ಶುಕ್ರವಾರ ಬೆಳಿಗ್ಗೆ ಆರೂಕಾಲು.
ಎಲ್ಲ ಸರಿಯಾಯಿತು ಎಂದು ಮಡಿಸುವಾಗ
ಚೀಟಿ ಮಗುಚಿತು.
ಮುಂಬದಿಯಲ್ಲಿ ನನ್ನದೇ ಅಕ್ಷರ:
ಪ್ರಫುಲ್ಲಾ ಮೇಡಂ, ಬ್ಲೌಸು ಮೂರು,
ಲೈನಿಂಗು ಎರಡಕ್ಕೆ, ಶನಿವಾರ ಖಂಡಿತ.

ದರ್ಜಿಯ ನಾಳೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ.
ನನ್ನ ಶನಿವಾರ ಇದುವರೆಗೂ ಶನಿವಾರವೇ ಆಗಿತ್ತು.
ಮೆಹರುನ್ನಿಸಾ ಉಸಿರು ಹಿಡಿದು ನೋಡುತ್ತಿದ್ದಳು.
ಪೆನ್ಸಿಲ್ ನಾಲಿಗೆಗೆ ತಾಗಿಸಿ
ಅದನ್ನು ಹೊಡೆದುಹಾಕಿ, ದಪ್ಪಗೆ,
ಮಂಗಳವಾರ ಎಂದು ಬರೆದೆ.