ಐನೂರ ಎಂಬತ್ತು ಗ್ರಾಂ

ಮೂವತ್ತೊಂದು ವರ್ಷ ಬೆಳಗಾವಿ ಪೇಟೆಯಲ್ಲಿ
ತೂಕದ ಕಲ್ಲುಗಳನ್ನು ಬೋರಲು ಹಾಕಿ
ತಳದ ಸೀಸ ಕೆರೆದು ಮೇಣ ತುಂಬಿದವರನ್ನು ಹಿಡಿದವನು ನಾನು.
ಕಾನೂನು ಮಾಪನ ಇಲಾಖೆ, ಈಗ ನಿವೃತ್ತ.
ಅಂಥವನಿಗೆ ಪಣಜಿಯ ಈ ಲಾಜಿನಲ್ಲಿ
ರಾತ್ರಿ ಹನ್ನೊಂದಾದರೂ
ಒಂದು ಚೀಲದ ತೂಕ ಬಗೆಹರಿಯುತ್ತಿಲ್ಲ.

ಹಾಸಿಗೆ ಮೇಲೆ ಟವೆಲ್, ಟವೆಲಿನ ಮೇಲೆ
ಕ್ಯಾಮೆರಾ. ಅಂಗೈಯಷ್ಟು, ಅದರದೇನೂ ತಕರಾರಿಲ್ಲ.
ಇಪ್ಪತ್ತೇಳರ ಲೆನ್ಸು, ನಿಪ್ಪಟ್ಟಿನಂಥದು; ಎಂಬತ್ತು ಗ್ರಾಂ.
ಮೂವತ್ತೈದರದು, ನಮ್ಮಜ್ಜಿಯ ಎಲೆಅಡಿಕೆ ಕುಟ್ಟಾಣಿ; ನೂರ ಎಪ್ಪತ್ತು.
ಆಮೇಲೆ ಇವನು, ಲಟ್ಟಣಿಗೆ,
ಇನ್ನೂರರವರೆಗೆ ಕತ್ತು ಚಾಚುವವನು,
ಐನೂರ ಎಂಬತ್ತು.
ಪ್ರಮೋದಿನಿ ಫೋನಿನಲ್ಲಿ: "ಅರ್ಧ ಕಿಲೋ ತೊಗರಿಬ್ಯಾಳಿ,
ಮ್ಯಾಲೊಂದು ನಿಂಬಿಹಣ್ಣು. ಅಷ್ಟಕ್ಕ ಇಷ್ಟ್ಯಾಕ ಚಿಂತಿ?"

ಬ್ಯಾಟರಿ ಮೂರು. ಬೂಟಿನ ಡಬ್ಬಿಗಳಿಂದ ಕೂಡಿಟ್ಟ
ಸಿಲಿಕಾ ಪೊಟ್ಟಣ ಒಂಬತ್ತು. ಧೋತರ ಹರಿದ ಒರೆಸುಬಟ್ಟೆ.
ಶಿಂಪಿ ಬಸಲಿಂಗಪ್ಪ ಹಳೇ ಕೊಡೆಬಟ್ಟೆಯಲ್ಲಿ ಹೊಲಿದ ಚೀಲ,
ಒಳಗೆ ಅವನ ಮೊಮ್ಮಗಳ ಸ್ವೆಟರಿನ ಮೆತ್ತೆ.
ನೋಡಿದವರಿಗೆ ತರಕಾರಿ ಚೀಲ. ಹಾಗೇ ಇರಲಿ ಎಂದಿದ್ದೆ.

ಎಲ್ಲವನ್ನೂ ಹೊತ್ತೆ.
ಬಿಟ್ಟುಹೋದದ್ದೇ ಬೇಕಾಗುತ್ತದೆ ಅನ್ನುವ ಹಳೇ ಅಂಜಿಕೆ.
ಏಸಿ ಕೋಣೆಯಿಂದ ಹೊರಬಿದ್ದದ್ದೇ ಗಾಜು ಮಂಜಾಯಿತು;
ಲಾಜಿನ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತೆ,
ಅದು ಬೆವರು ಆರಿಸಿಕೊಳ್ಳಲೆಂದು.

ರಾಯಬಂದರದಿಂದ ಚೋಡಣಕ್ಕೆ ಫೆರಿ. ನಡೆದು ಬಂದವರಿಗೆ ಪುಕ್ಕಟೆ,
ಹೊತ್ತು ತಂದದ್ದನ್ನು ಯಾರೂ ತೂಗುವುದಿಲ್ಲ.
ಉಪ್ಪುಗಾಳಿ. ಇಲ್ಲಿ ಲೆನ್ಸು ಬಿಚ್ಚಿದರೆ
ಒಳಗಿನ ರೆಪ್ಪೆಯಿಲ್ಲದ ಕಣ್ಣಿಗೆ ಧೂಳು.
ಲಟ್ಟಣಿಗೆಯನ್ನೇ ಹಚ್ಚಿಕೊಂಡು ಹಕ್ಕಿಗೆ ಕಾದೆ.
ಬಂದವಳು ಮೀನಿನ ಬುಟ್ಟಿಯವಳು.
ಬುಟ್ಟಿ ಇಳಿಸಿ, ಸೆರಗು ಸರಿಮಾಡಿ, "ಫೊಟೊ ಕಾಡ್" ಅಂದಳು.
ಗಾಜಿನ ತುಂಬ ಅವಳ ಮೂಗುತಿ ಮಾತ್ರ.
ಹಿಂದೆ ಸರಿದೆ, ಕಿವಿ ಬಂತು. ಇನ್ನೂ ಸರಿದೆ, ಗಲ್ಲ.
ಸ್ಕೂಟರುಗಳ ನಡುವೆ ಹಿಂದೆ, ಹಿಂದೆ,
ಬೆನ್ನಿಗೆ ಕಂಬಿ ತಾಗಿತು; ಇನ್ನು ಹಿಂದೆ ಮಾಂಡವಿಯೇ.
ಫೆರಿಗೆ ಫೆರಿಯೇ ನಕ್ಕಿತು.
ದಡ ಬಂತು. ಅವಳು ಬುಟ್ಟಿ ಎತ್ತಿಕೊಂಡು ನಡೆದಳು.

ಕಾಂಡ್ಲಾ ಗಿಡಗಳ ಬದಿಯ ದಾರಿ, ನೆರಳಿಲ್ಲ.
ಬೆಳಿಗ್ಗೆ ಐನೂರ ಎಂಬತ್ತಿದ್ದದ್ದು
ಹನ್ನೆರಡಕ್ಕೆ ಕಿಲೋ, ಎರಡಕ್ಕೆ ಎರಡೂವರೆ.
ಇಂಥ ಕಲ್ಲು ಯಾವ ಕಿರಾಣಿಯವನ ತಕ್ಕಡಿಯಲ್ಲಿ ಕಂಡಿದ್ದರೂ
ನಿಂತ ನಿಲುವಿನಲ್ಲಿ ಕೇಸು ಬರೆಯುತ್ತಿದ್ದೆ.
ಯಾರ ಮೇಲೆ ಬರೆಯಲಿ?

ಲಾಜಿನ ಒಡತಿ ಎಸ್ಪೆರಾನ್ಸಾಬಾಯಿ
ಭುಜಕ್ಕೆ ಕೊಬ್ಬರಿಎಣ್ಣೆ ಕೊಟ್ಟು ಲಟ್ಟಣಿಗೆ ಕಸಿದುಕೊಂಡಳು,
ಕೆಂಪಕ್ಕಿಯ ಡಬ್ಬಿಯಲ್ಲಿ ಹೂತಳು, ನನ್ನ ಕಣ್ಣೆದುರೇ.
ಅಕ್ಕಿ ಪಸೆ ಹೀರುತ್ತದೆ, ಬಿದ್ದಿರಲಿ, ಅಂದಳು.
ಯಾವ ಭಾಷೆಯಲ್ಲಿ ಅಂದಳೋ, ನನಗೆ ಕನ್ನಡದಲ್ಲೇ ಕೇಳಿಸಿತು.

ಮರುದಿನ ಬರೇ ನಿಪ್ಪಟ್ಟು. ಚೀಲವಿಲ್ಲ, ಅಂಗಿಯ ಕಿಸೆ.
ಹತ್ತಿರ ಬೇಕೆಂದರೆ ಹತ್ತಿರ ಹೋಗು, ಇಷ್ಟೇ ಅದರ ಕಾಯಿದೆ.
ಹೋದೆ. ಪಾವ್ ಮಾರುವವನ ಸೈಕಲ್ ಹಾರ್ನಿನವರೆಗೆ,
ಚಿಪ್ಪಿನ ಕಿಟಕಿ ಒರೆಸುತ್ತಿದ್ದ ಮುದುಕನ ಮೊಣಕೈವರೆಗೆ,
ಅವನು ಬೈದ ಮೇಲೆ ಒಂದು ಹೆಜ್ಜೆ ಹಿಂದಕ್ಕೆ.
ಮೀನಿನವಳು ಆ ಫೆರಿಯಲ್ಲಿರಲಿಲ್ಲ.
ಅದರ ಮುಂದಿನದರಲ್ಲೂ.

ನಾಲ್ಕೂವರೆಗೆ, ಹೊಳೆಯ ನಡುವೆ, ಮೀನುಗಿಡುಗ.
ರೆಕ್ಕೆ ಮಡಚಿ, ಕಾಲು ಮುಂದೆ ಚಾಚಿ, ಬಿದ್ದು, ಎದ್ದು,
ಉಗುರಲ್ಲಿ ಬೆಳ್ಳಗೆ ಏನೋ ಒದ್ದಾಡುತ್ತ.
ಅದು ಇನ್ನೂರರ ಕೆಲಸ. ಇನ್ನೂರು ಅಕ್ಕಿಯಲ್ಲಿ ಮಲಗಿತ್ತು.
ಕೈ ಚಾಚುವಷ್ಟೂ ಚಾಚಿ ಒತ್ತಿದೆ.

ಮನೆಯಲ್ಲಿ ಪ್ರಮೋದಿನಿ ಪರದೆ ತುಂಬ ಹಿಗ್ಗಿಸಿ ನೋಡಿ
"ಆಕಾಶದಾಗ ಧೂಳ ಕುಂತದ ನೋಡ್ರಿ" ಅಂತ
ಬೆರಳಿಂದ ಒರೆಸಿದಳು.
ಗಿಡುಗ, ಅಂದೆ.
ಇನ್ನೊಮ್ಮೆ ಒರೆಸಿದಳು.

ಲಟ್ಟಣಿಗೆ ತಿರುಗಿಸಿದರೆ ಈಗಲೂ ನೂರರ ಹತ್ತಿರ
ಕರಕ್ ಅನ್ನುತ್ತದೆ. ಒಂದು ಅಕ್ಕಿಕಾಳು, ಎಲ್ಲೋ ಒಳಗೆ.
ತೂಗಿ ನೋಡಿದೆ.
ಐನೂರ ಎಂಬತ್ತೇ.