ಹದಿನೇಳನೇ ಬಾಯಿ

ಹನ್ನೆರಡು ವರ್ಷ ಪುಣೆಯ ಗಚ್ಚಿ ಗಚ್ಚಿ ಹಾರಿ
ಕೇಬಲ್ ಎಳದೀನಿ.
ದತ್ತವಾಡಿಯಿಂದ ಪರ್ವತಿ ಗುಡ್ಡದ ಬುಡದ ತನಕ
ಯಾರ ಸಜ್ಜಾದ ಮ್ಯಾಲೆ ಯಾವ ಬೆಕ್ಕು ಮರಿ ಹಾಕೇತಿ
ಅದೂ ಗೊತ್ತು.
ಆ ಕರಿ ದಾರದೊಳಗ ಏನು ಹರೀತೈತಿ, ಅದೊಂದು ಗೊತ್ತಿಲ್ಲ.
ಗಿರಾಕಿ ಫೋನ್ ಮಾಡಿ ನೆಟ್ ಬರವಲ್ದು ಅಂದ್ರ
"ಬಂದ್ ಮಾಡಿ ಚಾಲೂ ಮಾಡ್ರಿ" ಅಂತೀನಿ,
ಎಲ್ಲಾ ಬ್ಯಾನಿಗೂ ಒಂದೇ ಅಂಗಾರ ಕೊಡೂ ಸ್ವಾಮಿಯ ಹಾಂಗ.

ಐತವಾರ ಜೂನಾ ಬಜಾರದಾಗ
ತುಕ್ಕು ಹಿಡಿದ ಪಾನಾ, ಒಂಟಿ ಬೂಟು, ಹಿತ್ತಾಳಿ ನಲ್ಲಿ ನಡುವ
ಇಪ್ಪತ್ನಾಕು ಬಾಯಿ ತಕ್ಕೊಂಡು ಬಿದ್ದಿತ್ತು ಅದು.
ಡೀವಿಡೀನ? ಅಂತ ಯಾವನೋ ಕೇಳಿದ.
ಹೌದು ಅಂದ ಮುನೀರ್ ಬಾಗವಾನ,
ನನ್ನ ಮಾರಿ ನೋಡಿ, ಅಲ್ಲ ಅಂದ.
ಒಂದಕ್ಕ ಒಂಬೈನೂರು. ಎರಡಕ್ಕ ಹದಿನಾಲ್ಕುನೂರು.
ಚಾಲೂ ಆಗ್ತಾವೇನು?
"ಪ್ಲಗ್ಗೂ ನಿಮ್ಮದು, ನಸೀಬೂ ನಿಮ್ಮದು."

ನಿಂಬೆವ್ವ ಗೋಧಿ ಡಬ್ಬಿ ಸರಿಸಿ ಜಾಗಾ ಮಾಡಿದಳು,
ಮಾತಾಡಲಿಲ್ಲ. ಅದನ್ನೂ ಲೆಕ್ಕಕ್ಕ ಹಿಡದೀನಿ,
ವಹಿಯ ಎಡಗಡೆ:
ಬಿಜಾಗರಿ ಮುರಿದ ಲ್ಯಾಪ್‌ಟಾಪು, ಮೂರು ಸಾವಿರ.
ತೆಳು ನೀಲಿ ಕನ್ಸೋಲ್ ಕೇಬಲ್ಲು, ನೂರಾ ಎಂಬತ್ತು.
ತುಂಡು ವೈರು ಫುಕಟ್, ನನ್ನ ಚೀಲದ್ದು.
ಪರೀಕ್ಷಾ ಫೀ ಇನ್ನೂ ಬರದಿಲ್ಲ.

ಪ್ಲಗ್ ಹಾಕಿದ್ರ ಗಿರಣಿ ಚಾಲೂ ಆದಂಗ ಸಪ್ಪಳ.
ರಾತ್ರಿ ಹನ್ನೊಂದಕ್ಕ ಏನು ಬೀಸಾಕತ್ತೀರಿ ಅಂತ
ಗ್ವಾಡಿ ಆಚಿಂದ ಸಾಳುಂಕೆ ಮಾವಶಿ, ಮರಾಠಿಯೊಳಗ.
ಫ್ಯಾನಿಗೆ ಕೌದಿ ಹೊಚ್ಚಿದೆ. ಕಾಯಿತು. ತಗದೆ.
ಈಗ ಮಾವಶಿಯ ಸೀರಿಯಲ್ಲು ಜೋರು ಇದ್ದಾಗಷ್ಟೇ
ನನ್ನ ಅಭ್ಯಾಸ.

ಪಾಸ್‌ವರ್ಡ್ ಕೇಳಿತು. ಯಾರದೋ ಮನಿ ಬಾಗಿಲ.
ಮುಂದಿನ ಗುಂಡಿ ಒತ್ತಿ ಹಿಡಿ, ಆಮ್ಯಾಲೆ ಕರೆಂಟು ಕೊಡು
ಅಂತೈತಿ ಪುಸ್ತಕ.
ಸುಗಂಧಾ ಒತ್ತಿ ಹಿಡದಳು, ನಾ ಪ್ಲಗ್ ಹಾಕಿದೆ.
ಚಿಲಕ ಬಿತ್ತು.

ಒಳಗ ಮಂದಿ ಇದ್ರು.
ಭೋಸರಿ ಕಡೆಯ ಯಾವುದೋ ಕಾರಖಾನಿ.
ಒಂದೊಂದು ಬಾಯಿಗೆ ಒಂದೊಂದು ಚೀಟಿ ಬರದಿಟ್ಟಿದ್ದ ಯಾವನೋ:
ಮೂರು, ಪಗಾರ ಖೋಲಿ.
ಒಂಬತ್ತು, ಗೇಟಿನ ಹಾಜರಿ ಯಂತ್ರ.
ಹನ್ನೊಂದು, ಕ್ಯಾಂಟೀನು, ಮಳಿಗೆ ಕೆಡತೈತಿ.
ಹದಿನೇಳು, ಢಮಾಲೆ ಕಾಕಾ. ತಗೀಬ್ಯಾಡ್ರಿ.

ಹದಿನೇಳನೇ ಬಾಯಾಗ ಬೆರಳು ಇಟ್ಟೆ. ಧೂಳು.
ಕಾರಖಾನಿ ಮುಚ್ಚಿತೋ, ಹೊಸಾ ಪೆಟ್ಟಿಗಿ ಬಂತೋ,
ಕಾಕಾ ತಾನೇ ಎದ್ದು ಹೋದನೋ, ಎಬ್ಬಿಸಿದರೋ.
ಇಷ್ಟು ವರ್ಷ ಎಳದ ವೈರಿನಾಗ
ಇಂಥಾದ್ದು ಕಂಡಿರಲಿಲ್ಲ:
ಒಬ್ಬ ಇನ್ನೊಬ್ಬನ ಸಲುವಾಗಿ ಬರದಿಟ್ಟ ಒಂದು ಮಾತು.

ಪುಸ್ತಕದ ಮುಂದಿನ ಸಾಲು: ಎಲ್ಲಾ ಅಳಿಸು.
ಅಳಿಸಿದೆ. ಕಲಿಯೂದಕ್ಕ ಪಾಟಿ ಸ್ವಚ್ಛ ಬೇಕು.
ಹದಿನೇಳು ಮಾತ್ರ ನನ್ನ ಕೈಲೇ ತಿರುಗಿ ಟೈಪ್ ಮಾಡಿದೆ,
ಎರಡು ಸಲ ತಪ್ಪಿ.

ಎರಡು ಸ್ವಿಚ್ಚಿನ ನಡುವ ಎರಡು ವೈರು ಹಾಕಿದ್ರ
ಒಂದು ದೀಪ ಹಸರಾತು,
ಒಂದು ಕೇಸರಿ, ಕೇಸರಿಯಾಗೇ ಉಳೀತು.
ಅದು ಕೆಟ್ಟೈತೇನಪ್ಪಾ? ಸುಗಂಧಾ ಕೇಳಿದಳು.
ಕೆಟ್ಟಿಲ್ಲವ್ವಾ, ಬಾಯಿ ಮುಚ್ಚಿ ಕುಂತೈತಿ.
ಎರಡೂ ಬಾಯಿ ತೆರೆದ್ರ ಒಂದು ಮಾತು ಸುತ್ತಿ ಸುತ್ತಿ
ನೂರಾಗಿ, ಸಾವಿರಾಗಿ, ಎಲ್ಲಾ ಉರುಳಿ ಬೀಳತೈತಿ.
"ನಳದ ಕಟ್ಟಿ ಮ್ಯಾಲಿನ ಹಾಂಗ," ಅಂದಳು ನಿಂಬೆವ್ವ,
ಹಿಟ್ಟು ನಾದೂದು ಬಿಡದ.
ವಹಿಯಾಗ ಅದನ್ನ ಬಲಗಡೆ ಬರಕೊಂಡೆ.

ಕಡೀಕ ಒಂದು ಪೆಟ್ಟಿಗಿಯಿಂದ ಇನ್ನೊಂದನ್ನ ಕೂಗಿದೆ.
ಐದು ಸಲ ಕೂಗತೈತಿ ಅದು. ಪರದೆ ಮ್ಯಾಲೆ ಬಂತು
ಒಂದು ಚುಕ್ಕಿ, ನಾಕು ಉದ್ಗಾರ:
.!!!!
ಒಂದು ಯಾಕ ತಪ್ಪಿತು ಅಂತ ಎರಡು ಸಂಜಿ
ವೈರು ತಿರುವಿ ತಿರುವಿ ನೋಡಿದೆ.
ತಪ್ಪಿದ್ದಲ್ಲ ಅದು. ಮೊದಲನೇ ಕೂಗು
ಈ ನಂಬರಿನ ಮನಿ ಯಾರದು ಅಂತ
ಓಣಿಯೆಲ್ಲಾ ಕೇಳೂದರಾಗ ಹೋಗತೈತಿ.

ಸೀರಿಯಲ್ಲು ಮುಗೀತು. ಪ್ಲಗ್ ತಗದೆ.
ಅಷ್ಟರಾಗ ಫೋನು. ಸಹಕಾರನಗರದ ಗಿರಾಕಿ, ನೆಟ್ ಬರವಲ್ದು.
ಬಂದ್ ಮಾಡಿ, ಅನ್ನಾಕ ಹೋದವನು
ತಡದು, ಕೇಳಿದೆ:
ದೀಪ ಯಾವ ಬಣ್ಣದ್ದೈತಿ, ನೋಡಿ ಹೇಳ್ರಿ.