ಎಲಾದಿಯೊನ ಅಂಗಡಿಯಲ್ಲಿ ಎರಡು ಚಾಕು

ಕಂಬಾದೊಸ್ ಬಂದರಿನ ಹಿಂದಿನ ಓಣಿ.
ಮೊಳೆ, ಹಗ್ಗ, ಬಣ್ಣದ ಡಬ್ಬಿ ಮಾರುವ ಎಲಾದಿಯೊ
ಹಸಿರು ಬಟ್ಟೆ ಹಾಸಿ ಎರಡನ್ನೂ ಇಟ್ಟ.
ಒಂದು ನೆಟ್ಟನೆಯದು, ಅಲಗು ನನ್ನ ನಡುಬೆರಳಷ್ಟು,
ಹಿಡಿಯ ಕೊನೆತನಕ ಇಳಿದ ಒಂದೇ ಉಕ್ಕು.
ಇನ್ನೊಂದು ಮಡಚುವಂಥದ್ದು, ಹಳದಿ ಮರದ ಹಿಡಿ,
ಕೊರಳಿಗೆ ಹಿತ್ತಾಳೆಯ ಬಳೆ; ತಿರುಗಿಸಿದರೆ ಬೀಗ.
ಅಪ್ಪನ ಜೇಬಿನಲ್ಲಿದ್ದದ್ದೂ ಇಂಥದ್ದೇ.

"ದಿನಾ ಜೊತೆಗಿರೋದು ಯಾವುದು ಅಂತ ಹೇಳು ಸಬೆಲಾ,
ಉಳಿದದ್ದು ಉಕ್ಕು ನೋಡಿಕೊಳ್ಳುತ್ತೆ" ಅಂದ.

ದಿನಾ ಅಂದರೆ ಏನು?
ದಿನಾ ಅಂದರೆ ಬೆಳಗಿನ ಐದೂವರೆ, ಮಂಜು,
ನೀಲಗಿರಿ ತೊಲೆಗಳ ತೆಪ್ಪ, ನೀರಿಗೆ ಇಳಿಬಿಟ್ಟ ನೂರಾರು ಹಗ್ಗ,
ಹಗ್ಗದುದ್ದಕ್ಕೂ ಗೊಂಚಲು ಗೊಂಚಲು ಪಚ್ಚಿಲೆ ಚಿಪ್ಪು.
ದಿನಾ ಅಂದರೆ ಒದ್ದೆ ಕೈಗವಸು.
ಉಪ್ಪು. ಮತ್ತೆ ಉಪ್ಪು.

ಅಪ್ಪನ ಚಾಕುವಿನ ಕೀಲಿಗೂ ಉಪ್ಪು ಹಿಡಿದಿತ್ತು.
ವಾರಕ್ಕೊಮ್ಮೆ ಎಣ್ಣೆ ಬಿಟ್ಟು ಊದುತ್ತಿದ್ದ,
ಮಗುವಿನ ಕಣ್ಣಿಗೆ ಬಿದ್ದ ಕಸ ಊದುವ ಹಾಗೆ.
ಅವನ ನಂತರ ನಾನೂ ಊದಿದೆ.
ಆದರೆ ತಮ್ಮ ಬ್ರೈಸ್‌ನ ಕಾಲಿಗೆ ಹಗ್ಗ ಸುತ್ತಿಕೊಂಡು
ಕ್ರೇನು ಎಳೆಯತೊಡಗಿದ ದಿನ,
ಎಡಗೈಯಲ್ಲಿ ಅವನ ಕೊರಳಪಟ್ಟಿ, ಬಲಗೈಯಲ್ಲಿ ಆ ಚಾಕು,
ಉಗುರಿಗೆಂದು ಕೊರೆದ ಗೀರು ಕೈಗವಸಿಗೆ ಸಿಗಲಿಲ್ಲ.
ಹಲ್ಲಿನಿಂದ ಬಿಚ್ಚಿದೆ.
ಹಲ್ಲಿನಿಂದ!
ಅವನಿಗೆ ಕಾಲು ಉಳಿಯಿತು,
ನನಗೆ ಮುಂದಿನ ಹಲ್ಲಿನಲ್ಲಿ ಒಂದು ಮುಕ್ಕು.
ನಾಲ್ಕು ಜನರೆದುರು ಅದನ್ನು ತಮಾಷೆ ಮಾಡುತ್ತೇವೆ.
ಇಬ್ಬರೇ ಇದ್ದಾಗ ಮಾತೆತ್ತುವುದಿಲ್ಲ.
ಅವತ್ತು ಸಂಜೆಯೇ ಚಾಕುವನ್ನು ಅಮ್ಮನ ಕೈಗಿಟ್ಟೆ.

ಹಾಗಾಗಿ ನೆಟ್ಟನೆಯದನ್ನೇ ಕೊಂಡೆ.
ತೆರೆಯುವ ಮಾತೇ ಇಲ್ಲ ಅದಕ್ಕೆ, ತೆರೆದೇ ಹುಟ್ಟಿದ್ದು.
ಕೀಲಿಲ್ಲದ್ದಕ್ಕೆ ಕೀಲುನೋವೆಲ್ಲಿ?
ತೊಳೆ, ಒರೆಸು, ಒರೆಗೆ ಹಾಕು, ಮುಗಿಯಿತು.

ಮುಗಿಯಲಿಲ್ಲ.
ಒರೆಯೂ ನನ್ನನ್ನು ಒರೆಗೆ ಹಚ್ಚಿತು.
ಬಸ್ಸಿನಲ್ಲಿ ಕೂತರೆ ಪಕ್ಕೆಗೆ ತಿವಿಯಿತು.
ಬ್ಯಾಂಕಿನ ಹುಡುಗಿ ನನ್ನ ಮುಖ ಬಿಟ್ಟು
ಸೊಂಟದ ಜೊತೆ ಮಾತಾಡಿದಳು.
ಭಾನುವಾರ ದೊಡ್ಡಮ್ಮ ದೊರಿಂದಾಳ ಮನೆಯಲ್ಲಿ
ಚೀಸ್ ಕೊಯ್ಯಲೆಂದು ಹಿರಿದರೆ
ಮೇಜಿನ ಸುತ್ತ ಮಾತು ಒಂದು ಗುಟುಕು ನಿಂತಿತು.
ಅಪ್ಪನಾದರೆ ಊಟದ ಕೊನೆಗೆ
ರೊಟ್ಟಿಯ ಚೂರಿಗೆ ಅಲಗು ಒರೆಸಿ, ಚೂರನ್ನು ಬಾಯಿಗೆ ಹಾಕಿಕೊಂಡು,
ಟಕ್ ಎಂದು ಮಡಚುತ್ತಿದ್ದ.
ಆ ಸದ್ದಿಗೆ ನಾವೆಲ್ಲ ಏಳುತ್ತಿದ್ದೆವು.
ಇದಕ್ಕೆ ಟಕ್ ಇಲ್ಲ.
ಊಟ ಎಲ್ಲಿ ಮುಗಿಯಿತೆಂದು ಯಾರಿಗೂ ತಿಳಿಯದೆ
ಕಾಫಿ ಆರಿತು, ತೆಪ್ಪದ ಪಾಲಿನ ಜಗಳ ಬೆಳೆಯಿತು.

ಮೇ ತಿಂಗಳಲ್ಲಿ ಅಮ್ಮನ ಮಂಡಿಗೆ ಶಸ್ತ್ರಚಿಕಿತ್ಸೆ.
ಪೊಂತೆವೆದ್ರದ ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವ
ಮಾತಿಲ್ಲದೆ ಬೆರಳು ತೋರಿಸಿದ,
ಬಿಳಿ ತಟ್ಟೆಯಲ್ಲಿ ಇಡಿಸಿಕೊಂಡ, ಚೀಟಿ ಕೊಟ್ಟ: ಹದಿನೇಳು.
ಸೇಬಿನ ಚೀಲ ಹಿಡಿದು ಮೇಲೆ ಹೋದೆ.
"ಸಿಪ್ಪೆ ತೆಗೆದು ಕೊಡು" ಅಂದಳು ಅಮ್ಮ.
"ಚಾಕು ಕೆಳಗಿದೆ" ಅಂದೆ.

ಬಾಗಿಲ ಕಡೆ ಒಮ್ಮೆ ನೋಡಿ
ದಿಂಬಿನಡಿ ಕೈ ತೂರಿಸಿದಳು.
ಅಪ್ಪನದು.
ಜಪಮಾಲೆಯ ಡಬ್ಬಿಯಲ್ಲಿ ಒಳಗೆ ತಂದಿದ್ದಳಂತೆ,
ಜಪಮಾಲೆ ಮನೆಯಲ್ಲೇ ಉಳಿಯಿತಂತೆ.
ಗೀರಿಗೆ ಉಗುರು ಕೊಟ್ಟು, ಎಳೆದು, ಬಳೆ ತಿರುಗಿಸಿದಳು.
ಸಿಪ್ಪೆ ಒಂದೇ ಸುರುಳಿಯಾಗಿ ಹೊದಿಕೆಯ ಮೇಲಿಳಿಯಿತು,
ಎಲ್ಲೂ ಕಡಿಯಲಿಲ್ಲ.

"ನಿಂದೂ ಒಳ್ಳೆಯದೇ" ಅಂದಳು ಸೇಬು ಚಾಚುತ್ತ,
"ನೀರಿನ ಮೇಲೆ ಅದೇ ಸರಿ.
ಜನರ ನಡುವೆ ಮಾತ್ರ ಬಾಯಿ ಮುಚ್ಚಲು ಬರಬೇಕು ಕಣೇ."
ಹೇಳಿದ್ದು ಚಾಕುವಿಗೋ ನನಗೋ
ಎಂದು ಕೇಳುವಷ್ಟರಲ್ಲಿ
ನರ್ಸಿನ ಹೆಜ್ಜೆ ಸಪ್ಪಳ.

ಟಕ್.

ನೋಡುತ್ತೇನೆ,
ನಾನು ಎದ್ದು ನಿಂತಿದ್ದೇನೆ.